ಏಳೆಂಟ್ಲ ಐವತ್ತೆಂಟು

ಎರಡು ಗುಂಡಿಗಳು ಉಳಿದುಬಿಟ್ಟವು. ಆದದ್ದು ಇಷ್ಟೇ. ಇಷ್ಟಕ್ಕೇ ಟೈಲರ್‌ನ ಇಡೀ ದಿನ ಎಕ್ಕುಟ್ಟಿಹೋಯಿತು.

ಬೆಳಗಿನ ಹತ್ತು ಗಂಟೆಯ ಹೊತ್ತು. ಎಂಟನೆಯ ಬಿಳಿ ಕೋಟಿಗೆ ಕೊನೆಯ ಗುಂಡಿ ಹಚ್ಚಿ, ದಾರವನ್ನು ಹಲ್ಲಲ್ಲಿ ಕಡಿದು, ಬೆನ್ನು ನೆಟ್ಟಗೆ ಮಾಡಿ ನೋಡುತ್ತಾನೆ, ತಟ್ಟೆಯಲ್ಲಿ ಇನ್ನೂ ಎರಡು ಗುಂಡಿ. ಯಾವುದಾದರೂ ಕೋಟಿಗೆ ಹಚ್ಚುವುದನ್ನು ಮರೆತೆನೇನೋ ಎಂದು ಎಂಟೂ ಕೋಟುಗಳನ್ನು ಮಂಚದ ಮೇಲೆ ಸಾಲಾಗಿ ಮಲಗಿಸಿ, ಡಾಕ್ಟರು ಹೊಟ್ಟೆ ಒತ್ತಿ ನೋಡುವ ಹಾಗೆ ಒಂದೊಂದನ್ನೂ ಒತ್ತಿ ಒತ್ತಿ ಎಣಿಸಿದ. ಪ್ರತಿಯೊಂದಕ್ಕೂ ಏಳೇ ಇದ್ದವು.

"ಪುಟ್ಟೀ, ಕೋಟಿಗೆ ಏಳು ಗುಂಡಿ, ಎಂಟು ಕೋಟು. ಒಟ್ಟು ಎಷ್ಟು ತೆಗೀಬೇಕು ಅಂತ ನೀನು ಹೇಳಿದ್ದೆ ಬೆಳಿಗ್ಗೆ?"

"ಐವತ್ತೆಂಟು!" ಎಂದಳು ಮಗಳು. ಕಿಟಕಿಯ ಗಾಜು ಗುಂಯ್ ಎಂದಿತು. ಮೂರನೇ ತರಗತಿಯ ಆ ಹುಡುಗಿಗೆ ದೇವರು ದೇಹ ಕೊಡುವಾಗ ಕೈ ಬಿಗಿ ಹಿಡಿದು, ಗಂಟಲು ಕೊಡುವಾಗ ಧಾರಾಳವಾಗಿ ಸುರಿದುಬಿಟ್ಟಿದ್ದ.

"ಹೆಂಗೆ ಐವತ್ತೆಂಟು?"

"ಮಗ್ಗಿ ಹಂಗೇ ಇದೆಯಲ್ಲಪ್ಪ. ಏಳೊಂದ್ಲ ಒಂಬತ್ತು, ಏಳೆರಡ್ಲ ಹದಿನಾರು, ಏಳ್ಮೂರ್ಲ ಇಪ್ಪತ್ಮೂರು..."

"ನಿಲ್ಸು, ನಿಲ್ಸು! ಏಳೊಂದ್ಲ ಎಷ್ಟು ಅಂದೆ?"

"ಒಂಬತ್ತು. ನೀವೇ ಬರ್ಕೊಟ್ಟಿದ್ದು!" ಎಂದು ಪುಟ್ಟಿ ಗೋಡೆಯ ಕಡೆ ಬೆರಳು ತೋರಿಸಿದಳು.

ಗೋಡೆಯ ಮೇಲೆ ಕಂದು ಬಣ್ಣದ ಕಟಿಂಗ್ ಪೇಪರು. ಅದರ ಮೇಲೆ ಟೈಲರ್‌ನ ಸ್ವಂತ ಕೈಬರಹದಲ್ಲಿ, ನೀಲಿ ಸೀಮೆಸುಣ್ಣದಲ್ಲಿ, ಏಳರ ಮಗ್ಗಿ. ಅವನು ಓದಿದ. ಕಣ್ಣುಜ್ಜಿಕೊಂಡು ಇನ್ನೊಮ್ಮೆ ಓದಿದ. ಹೊಲಿಗೆ ಯಂತ್ರವನ್ನು ಗಟ್ಟಿಯಾಗಿ ಹಿಡಿದುಕೊಂಡ.

ಇದು ಹೇಗಾಯಿತೆಂದು ಹೇಳಿಬಿಡುತ್ತೇನೆ. ಹೊಲಿಗೆಯವರಲ್ಲಿ ಒಂದು ಪದ್ಧತಿಯಿದೆ. ಎದೆಯ ಅಳತೆ ಮೂವತ್ತಾರು ಇಂಚು ಬಂತೆಂದು ಬಟ್ಟೆಯನ್ನು ಮೂವತ್ತಾರಕ್ಕೇ ಕತ್ತರಿಸಿದರೆ ಕೆಟ್ಟಿತು, ಹೊಲಿಗೆಯಲ್ಲಿ ಎರಡು ಇಂಚು ಮಡಚಿಹೋಗುತ್ತದೆ, ಅಂಗಿ ಹಾಕಿಕೊಂಡವನು ಉಸಿರು ಬಿಡುವ ಹಾಗಿಲ್ಲ. ಹಾಗಾಗಿ ಕಿವಿ ಮೂವತ್ತಾರು ಅಂತ ಕೇಳಿದರೆ ಕೈ ಮೂವತ್ತೆಂಟು ಅಂತ ಬರೆಯಬೇಕು. ಇಪ್ಪತ್ತೆರಡು ವರ್ಷದಿಂದ ನಮ್ಮ ಟೈಲರ್‌ನ ಕೈ ಹೀಗೇ ಬರೆಯುತ್ತ ಬಂದಿತ್ತು. ಹದಿನೈದು ದಿನದ ಹಿಂದೆ ಮಗಳು ಪಕ್ಕದಲ್ಲಿ ನಿಂತು, "ಅಪ್ಪ ಮಗ್ಗಿ, ಅಪ್ಪ ಮಗ್ಗಿ" ಎಂದು ಪ್ರಾಣ ತಿಂದಾಗ, ಒಂದು ಕೈಯಲ್ಲಿ ಕತ್ತರಿ ಓಡಿಸುತ್ತ, ಇನ್ನೊಂದು ಕೈಯಲ್ಲಿ ಅವನು ಮಗ್ಗಿ ಬರೆದುಕೊಟ್ಟಿದ್ದ. ಮನಸ್ಸು ಏಳೊಂದ್ಲ ಏಳು ಎಂದುಕೊಂಡಿತು. ಕೈ ಎರಡು ಸೇರಿಸಿ ಒಂಬತ್ತು ಬರೆಯಿತು. ಹೀಗೆ ಹತ್ತರವರೆಗೂ, ಒಂದು ಸಾಲೂ ತಪ್ಪದೆ, ಎಲ್ಲಕ್ಕೂ ಎರಡೆರಡು ಇಂಚು ಬಿಟ್ಟು.

ಊರಲ್ಲಿ ಜ್ವರ ಹಬ್ಬುತ್ತಿದೆಯೆಂದು ಶಾಲೆಗಳನ್ನು ಮುಚ್ಚಿ ಎರಡು ತಿಂಗಳಾಗಿತ್ತು. ಪಾಠವೆಲ್ಲ ಮನೆಯಲ್ಲೇ, ಅಪ್ಪ ಅಮ್ಮಂದಿರೇ ಮೇಷ್ಟ್ರು. ಆ ದಿನ ಮಧ್ಯಾಹ್ನ ಎರಡು ಗಂಟೆಯಿಂದ ಪುಟ್ಟಿಯ ಮಿಸ್ ಮೂವತ್ತೊಂದು ಮಕ್ಕಳಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿ ಏಳರ ಮಗ್ಗಿ ಕೇಳುವವರಿದ್ದರು. ಸರಿಯಾಗಿ ಹೇಳಿದ ಮಕ್ಕಳಿಗೆ ಹದಿನೈದು ದಿನ ರಜ. ತಪ್ಪು ಹೇಳಿದರೆ ಹದಿನೈದು ದಿನ ಅಪ್ಪನೋ ಅಮ್ಮನೋ ದಿನಕ್ಕೆ ಆರು ಗಂಟೆ ಮಗುವಿನ ಪಕ್ಕದಲ್ಲಿ ಅಲುಗಾಡದೆ ಕೂತು ಪಾಠ ಮಾಡಬೇಕು. ಕೂತಿದ್ದಾರೋ ಎದ್ದುಹೋದರೋ ಎಂದು ಮಿಸ್ ಹೊತ್ತುಗೊತ್ತಿಲ್ಲದೆ ಫೋನ್ ಮಾಡಿ ವಿಚಾರಿಸುತ್ತಾರೆ.

ಟೈಲರ್‌ಗೆ ಬೇಕಾಗಿದ್ದದ್ದು ಆ ಹದಿನೈದು ದಿನದ ರಜ. ಮಗಳಿಗಿಂತ ಅವನಿಗೇ ಹೆಚ್ಚು ಬೇಕಾಗಿತ್ತು. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಅಂಗಡಿ ಮುಚ್ಚಿ ಗಂಡ ಮನೆಯಲ್ಲಿ ಕೂತು ಕೊರಗುವುದನ್ನು ನೋಡಲಾರದೆ ನರ್ಸುಗಳ ಮೇಲಧಿಕಾರಿ ಮೇಟ್ರನ್ನಿನ ಕಾಲುಕೈ ಹಿಡಿದು ನಲವತ್ತು ಬಿಳಿ ಕೋಟುಗಳ ಕೆಲಸ ತಂದಿದ್ದಳು. "ತಿಂಗಳಲ್ಲಿ ಕೊಡ್ತಾರೆ, ನಾನು ಜವಾಬ್ದಾರಿ" ಎಂದು ಮಾತು ಕೊಟ್ಟಿದ್ದಳು. ತಿಂಗಳಲ್ಲಿ ಅರ್ಧ ಪಾಠದಲ್ಲೇ ಹೋಗಿ ಬರೀ ಎಂಟು ಕೋಟು ಆಗಿದ್ದವು, ಇನ್ನು ಉಳಿದದ್ದು ಹದಿನೈದೇ ದಿನ. ಆ ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ಅವಳು ಚಪ್ಪಲಿ ಮೆಟ್ಟುತ್ತ ಹೇಳಿದ್ದಳು: "ಇವತ್ತು ಪುಟ್ಟಿ ಪಾಸಾಗ್ಲೇಬೇಕು ಕಣ್ರೀ. ಇಲ್ಲಾಂದ್ರೆ ನಾನು ಮೇಟ್ರನ್ನಿಗೆ ಮುಖ ತೋರ್ಸೋ ಹಾಗಿಲ್ಲ."

"ಬಿಡೇ, ಮಗ್ಗಿ ನೀರು ಕುಡಿದ ಹಾಗೆ ಹೇಳ್ತಾಳೆ" ಎಂದಿದ್ದ ಟೈಲರ್. ಹೇಳುತ್ತಿದ್ದಳು, ಅದರಲ್ಲಿ ಸುಳ್ಳೇನಿರಲಿಲ್ಲ.

ಈಗ ಅವನು ಎದೆ ಗಟ್ಟಿ ಮಾಡಿಕೊಂಡ. ಹತ್ತು ಸಾಲು, ನಾಲ್ಕು ಗಂಟೆಗಳ ಸಮಯ. ತಿದ್ದಿದರಾಯಿತು, ಅದೇನು ಮಹಾ ಎಂದುಕೊಂಡು ಪೇಪರನ್ನು ಗೋಡೆಯಿಂದ ಕಿತ್ತ. ಅಷ್ಟರಲ್ಲಿ ಹೊರಗಿನಿಂದ, ಮೇಲಿನಿಂದ, ಕೆಳಗಿನಿಂದ, ಇಡೀ ಕಟ್ಟಡವೇ ಬಾಯಿ ತೆರೆದ ಹಾಗೆ ಒಂದು ಮೇಳ ಎದ್ದಿತು:

"ಏಳೊಂದ್ಲ ಒಂಬತ್ತು! ಏಳೆರಡ್ಲ ಹದಿನಾರು!"

ಟೈಲರ್ ಬಾಲ್ಕನಿಗೆ ಓಡಿದ. ಎದುರು ಬಾಲ್ಕನಿಯಲ್ಲಿ ಡ್ರೈವಿಂಗ್ ಮೇಷ್ಟ್ರ ಅವಳಿ ಗಂಡುಮಕ್ಕಳು. ಮೇಲೆ ನಿವೃತ್ತ ಪೋಸ್ಟ್‌ಮಾಸ್ಟರ್ ಅಜ್ಜನ ಮೊಮ್ಮಗ. ಕೆಳಗೆ ಔಷಧಿ ಅಂಗಡಿಯಾಕೆಯ ಮಗಳು. ಇನ್ನೂ ಏಳೆಂಟು ತಲೆಗಳು ಬೇರೆ ಬೇರೆ ಕಿಟಕಿಗಳಲ್ಲಿ. ಎಲ್ಲರೂ ಕತ್ತಿನ ನರ ಉಬ್ಬಿಸಿಕೊಂಡು ಕೂಗುತ್ತಿದ್ದಾರೆ.

"ಇವರಿಗೆ ಯಾರೇ ಹೇಳ್ಕೊಟ್ಟಿದ್ದು?" ಎಂದ ಟೈಲರ್.

"ನಾನೇ!" ಎಂದಳು ಪುಟ್ಟಿ ಹೆಮ್ಮೆಯಿಂದ. "ದಿನಾ ಬಾಲ್ಕನೀಲಿ ನಾನು ಹೇಳ್ತೀನಿ, ಅವರು ಹೇಳ್ತಾರೆ. ನೀವು ಮಷೀನ್ ತುಳೀತಿರ್ತೀರಲ್ಲ, ನಿಮಗೆ ಕೇಳಲ್ಲ."

ಡ್ರೈವಿಂಗ್ ಮೇಷ್ಟ್ರು ಟವೆಲು ಹೆಗಲ ಮೇಲೆ ಹಾಕಿಕೊಂಡು ಹೊರಬಂದರು. ಅವರ ಬಲಗಾಲು ನಿಂತಲ್ಲೇ ಆಗಾಗ ಬ್ರೇಕು ಒತ್ತುತ್ತದೆ, ಅದು ಹದಿನೆಂಟು ವರ್ಷದ ವೃತ್ತಿಯ ಬಳುವಳಿ. "ಟೈಲರ್ರೇ, ನಿಮ್ಮ ಮಗಳು ಅಂದ್ರೆ ಮಗಳು! ನಮ್ಮ ಎರಡು ಕೋತಿಗಳಿಗೂ ಬಾಯಿಪಾಠ ಮಾಡ್ಸಿಬಿಟ್ಳು. ನಾವು ಅಪ್ಪಂದಿರು ಆರಾಮಾಗಿ ಕಾಲು ಚಾಚ್ಕೊಂಡು ಕೂತಿದ್ದೀವಿ."

"ಮೇಷ್ಟ್ರೇ, ಒಂದು ಅನಾಹುತ ಆಗಿದೆ. ಆ ಮಗ್ಗಿ ತಪ್ಪು."

"ಏನು ತಪ್ಪು? ಅವಳ ದನಿ ರೆಕಾರ್ಡ್ ಮಾಡಿ ತಂದೆತಾಯಿಗಳ ಗ್ರೂಪಿಗೆ ಹಾಕಿದ್ದೀನಿ. ಮೂವತ್ತು ಮನೆಯವರೂ ಹೆಬ್ಬೆರಳು ತೋರ್ಸಿದಾರೆ. ಕೆಲವರು ಕೈ ಮುಗಿದಿದಾರೆ."

ಟೈಲರ್ ಒಳಗೆ ಓಡಿ ಫೋನು ತಂದ. ಅವನ ಹತ್ತಿರ ಇದ್ದದ್ದು ಮಾತಾಡಲು ಮಾತ್ರ ಬರುವ ಹಳೇ ಫೋನು. ಗ್ರೂಪು ಗೀಪು ಎಲ್ಲ ಹೆಂಡತಿಯ ಫೋನಿನಲ್ಲಿ, ಆ ಫೋನು ಆಸ್ಪತ್ರೆಯ ಬೀರುವಿನಲ್ಲಿ. ಅವಳಾದರೂ ಆ ರೆಕಾರ್ಡನ್ನು ಕೇಳಿರಲಿಲ್ಲವೇ ಎಂದರೆ, ಎರಡು ಡ್ಯೂಟಿ ಮುಗಿಸಿ ಬಂದವಳು ಮಗಳ ದನಿ ಕೇಳಿದ ಕೂಡಲೇ ಹೆಬ್ಬೆರಳು ಒತ್ತಿ ಮಲಗಿಬಿಟ್ಟಿದ್ದಳು. ಮಿಸ್‌ಗೆ ಫೋನ್ ಹಚ್ಚಿದ. ಬಿಜಿ. ಮತ್ತೆ ಹಚ್ಚಿದ. ಬಿಜಿ.

ಪಾಪ, ಅವನು ಕೆಟ್ಟ ಮನುಷ್ಯನಲ್ಲ. ತನ್ನ ಮಗಳೊಬ್ಬಳನ್ನು ತಿದ್ದಿಕೊಂಡು ತೆಪ್ಪಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಮೂವತ್ತು ಮಕ್ಕಳ ಬಾಯಲ್ಲಿ ತನ್ನ ಕೈತಪ್ಪು ಕುಣಿಯುತ್ತಿದೆಯಲ್ಲ ಎಂದು ಅವನಿಗೆ ತಡೆಯಲಾಗಲಿಲ್ಲ. ಮಹಡಿ ಮೆಟ್ಟಿಲ ಬಳಿ ನಿಂತು ಎಲ್ಲರನ್ನೂ ಕೂಗಿ ಕರೆದ.

ಬಂದರು. ಡ್ರೈವಿಂಗ್ ಮೇಷ್ಟ್ರು ಬಂದರು. ಪೋಸ್ಟ್‌ಮಾಸ್ಟರ್ ಅಜ್ಜ ಕನ್ನಡಕ ಸರಿಮಾಡಿಕೊಳ್ಳುತ್ತ ಒಂದೊಂದೇ ಮೆಟ್ಟಿಲಿಳಿದು ಬಂದರು. ಔಷಧಿ ಅಂಗಡಿಯಾಕೆ ಮೂಗಿನ ಮೇಲೆ ಬಟ್ಟೆ ಬಿಗಿದುಕೊಂಡು ಬಂದಳು. ಟೈಲರ್ ನಿಜ ಹೇಳಿದ. ಏಳೆಂಟ್ಲ ಐವತ್ತೆಂಟಲ್ಲ, ಐವತ್ತಾರು.

"ನಾನು ಓದುವಾಗ ಐವತ್ತಾರೇ ಇತ್ತು" ಎಂದಳು ಔಷಧಿಯಾಕೆ ನಿಧಾನವಾಗಿ.

"ನೀವು ಓದಿದ್ದು ಯಾವ ಕಾಲದಲ್ಲಮ್ಮ?" ಎಂದರು ಪೋಸ್ಟ್‌ಮಾಸ್ಟರ್ ಅಜ್ಜ. "ಆಮೇಲೆ ಎಲ್ಲಾ ಏರಿದೆ. ಅಂಚೆ ಚೀಟಿ ಎಷ್ಟು ಸಲ ಏರ್ತು ನಾನೇ ನೋಡಿದ್ದೀನಿ. ಏಳೆಂಟ್ಲ ಒಂದೇ ಯಾಕೆ ಹಾಗೇ ಇರ್ಬೇಕು?"

"ಅಜ್ಜಾ, ಅದು ಏರೋ ವಸ್ತು ಅಲ್ಲ!" ಎಂದ ಟೈಲರ್.

"ನಾನು ಮೊಮ್ಮಗನ ಮಗ್ಗಿ ಪರೀಕ್ಷೆ ಮಾಡಿದ್ದೀನಪ್ಪ. ಒಂಬತ್ತು, ಹದಿನಾರು, ಇಪ್ಪತ್ಮೂರು. ಸಾಲಿಂದ ಸಾಲಿಗೆ ಸರಿಯಾಗಿ ಏಳೇಳು ಏರ್ತಾ ಹೋಗುತ್ತೆ. ಒಂದು ಕಡೆಯಾದ್ರೂ ಆರು ಏರಿದೆಯಾ? ಎಂಟು ಏರಿದೆಯಾ? ಇಷ್ಟು ಶಿಸ್ತಾಗಿರೋ ಮಗ್ಗೀನ ತಪ್ಪು ಅಂತೀಯಲ್ಲ."

ಟೈಲರ್ ತಲೆ ಕೆರೆದುಕೊಂಡ. ಒಂದು ಕ್ಷಣ ಅವನಿಗೂ ಹೌದಲ್ಲ ಅನ್ನಿಸಿಬಿಟ್ಟಿತು. ಔಷಧಿಯಾಕೆ ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆದು ಒತ್ತಿದಳು. ಐವತ್ತಾರು ಬಂತು. ಟೈಲರ್ ಮುಖ ಅರಳಿತು.

"ಅದು ನಿಮ್ಮ ಅಂಗಡಿ ಮಷೀನು, ಔಷಧಿ ಲೆಕ್ಕಕ್ಕೆ" ಎಂದರು ಡ್ರೈವಿಂಗ್ ಮೇಷ್ಟ್ರು ಕೈ ಒದರಿ. "ಮಷೀನ್ ನಂಬಿಕೊಂಡು ಈ ಲಿಫ್ಟ್ ಹತ್ತಿ ನೋಡಿ. ಎರಡಕ್ಕೆ ಒತ್ತಿದ್ರೆ ಎರಡೂವರೆಗೆ ಹೋಗಿ ನಿಲ್ಲುತ್ತೆ."

"ಕಣ್ಣಾರೆ ತೋರಿಸ್ತೀನಿ, ತಡೀರಿ" ಎಂದು ಟೈಲರ್ ಒಳಗೋಡಿ ಗುಂಡಿ ಡಬ್ಬಿ ತಂದ. ಮೆಟ್ಟಿಲ ಬಳಿಯ ನೆಲದ ಮೇಲೆ ಬಗ್ಗಿ ಕೂತು ಏಳೇಳು ಗುಂಡಿಗಳ ಎಂಟು ಸಾಲು ಜೋಡಿಸಿದ. ಎಲ್ಲರೂ ಸುತ್ತ ನಿಂತು ಎಣಿಸಿದರು. ಐವತ್ತನಾಲ್ಕು, ಐವತ್ತೈದು, ಐವತ್ತಾರು. "ನೋಡಿದ್ರಾ?" ಎಂದು ಟೈಲರ್ ಇನ್ನಷ್ಟು ಬಗ್ಗಿದ. ಟಣ್, ಟಣ್ ಎಂದು ಎರಡು ಬಿಳಿ ಗುಂಡಿಗಳು ಅವನ ಅಂಗಿಯ ಜೇಬಿನಿಂದ ಉದುರಿ ಸಾಲಿನ ಪಕ್ಕದಲ್ಲಿ ಬಂದು ಮಲಗಿದವು. ಬೆಳಿಗ್ಗೆ ಉಳಿದ ಗುಂಡಿಗಳನ್ನು ಅವನೇ ಜೇಬಿಗೆ ಹಾಕಿಕೊಂಡಿದ್ದ.

"ಐವತ್ತೇಳು, ಐವತ್ತೆಂಟು" ಎಂದರು ಅಜ್ಜ ಶಾಂತವಾಗಿ.

ಡ್ರೈವಿಂಗ್ ಮೇಷ್ಟ್ರ ಬಲಗಾಲು ಜೋರಾಗಿ ನೆಲ ಒತ್ತಿತು. "ಅಯ್ಯಯ್ಯೋ, ಜೇಬಲ್ಲಿ ಬಚ್ಚಿಟ್ಕೊಂಡಿದ್ದ ಕಣ್ರೀ! ಈಗ ಗೊತ್ತಾಯ್ತು ಇವನ ಮಸಲತ್ತು. ಹದಿನೈದು ದಿನ ನಮ್ಮ ಮಕ್ಕಳಿಗೆ ಒಂದು ಕಲಿಸಿ, ಪರೀಕ್ಷೆ ದಿನ ಬೆಳಿಗ್ಗೆ ಅದು ತಪ್ಪು ಅನ್ನೋದು. ನಮ್ಮ ಮಕ್ಕಳು ತಬ್ಬಿಬ್ಬಾಗಿ ಫೇಲಾಗ್ಬೇಕು, ಇವನ ಮಗಳು ಮಾತ್ರ ಪಾಸಾಗ್ಬೇಕು!"

"ದೇವ್ರಾಣೆಗೂ ಅಲ್ಲ ಮೇಷ್ಟ್ರೇ! ನನ್ನ ಮಗಳಿಗೂ ಈಗ ಹೊಸದಾಗಿ ಹೇಳ್ಕೊಡ್ಬೇಕು!"

"ಓಡ್ತಾ ಇರೋ ಗಾಡೀನ ರಿವರ್ಸ್ ಗೇರಿಗೆ ಹಾಕ್ತಾರೇನ್ರೀ ಯಾರಾದ್ರೂ?"

ಔಷಧಿಯಾಕೆ ಕ್ಯಾಲ್ಕುಲೇಟರನ್ನು ಜೇಬಿಗೆ ಹಾಕಿಕೊಂಡು ನಿಟ್ಟುಸಿರು ಬಿಟ್ಟಳು. "ನೀವು ಹೇಳೋದು ಸರಿ ಇರ್ಬಹುದು ಅಣ್ಣಾ. ಆದ್ರೆ ಶುರು ಮಾಡಿದ ಕೋರ್ಸ್ ಮಧ್ಯ ನಿಲ್ಲಿಸ್ಬಾರ್ದು. ಈಗ ಬದಲಾಯ್ಸಿದ್ರೆ ಮಗೂಗೆ ಐವತ್ತೆಂಟೂ ಇಲ್ಲ, ಐವತ್ತಾರೂ ಇಲ್ಲ, ಬಾಯೇ ಬಿಡಲ್ಲ. ನನಗೆ ರಜ ಬೇಕಪ್ಪ, ಅಂಗಡಿ ಯಾರು ನೋಡ್ತಾರೆ?"

ಎಲ್ಲರೂ ತಮ್ಮ ತಮ್ಮ ಮನೆ ಸೇರಿ ಬಾಗಿಲು ಹಾಕಿಕೊಂಡರು. ಐದೇ ನಿಮಿಷದಲ್ಲಿ ಮೇಳ ಮೊದಲಿಗಿಂತ ಜೋರಾಗಿ ಎದ್ದಿತು. ಟೈಲರ್‌ನ ಮೇಲಿನ ಸಿಟ್ಟಿಗೆ ಅಪ್ಪಂದಿರೂ ದನಿ ಸೇರಿಸಿದ್ದರು.

ಸರಿ, ಊರ ಉಸಾಬರಿ ಸಾಕು ಎಂದು ಟೈಲರ್ ಮಗಳನ್ನು ಹಿಡಿದು ಕೂರಿಸಿದ. ಹೊರಗಿನ ಗದ್ದಲ ಕೇಳಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿದ. ಸಾಲದೆ, ಕೋಟಿನ ಭುಜಕ್ಕೆ ಇಡುವ ಎರಡು ಹತ್ತಿಯ ಪ್ಯಾಡುಗಳನ್ನು ಪುಟ್ಟಿಯ ಕಿವಿಗಳ ಮೇಲಿಟ್ಟು ಅಳತೆಪಟ್ಟಿಯಿಂದ ತಲೆ ಸುತ್ತ ಬಿಗಿದು ಕಟ್ಟಿದ. ಹೊರಗಿನ ಗದ್ದಲ ನಿಂತಿತು, ಅದರ ಜೊತೆ ಅಪ್ಪನ ಮಾತೂ ಅವಳಿಗೆ ಕೇಳದಾಯಿತು. ಮತ್ತೆ ಬಿಚ್ಚಿದ.

"ಪುಟ್ಟಿ, ಬಂಗಾರ, ಏಳೆಂಟ್ಲ ಐವತ್ತಾರು."

"ಐವತ್ತೆಂಟು."

"ಐವತ್ತಾರು ಕಣೇ!"

"ನೀವೇ ಐವತ್ತೆಂಟು ಅಂದ್ರಿ. ಮೊನ್ನೆ ಮಧ್ಯ ರಾಗ ತಪ್ಪಿದ್ದಕ್ಕೆ ತಲೆ ಮೇಲೆ ಮೊಟಕಿದ್ರಿ" ಎಂದು ಪುಟ್ಟಿ ತುಟಿ ಉಬ್ಬಿಸಿದಳು. ಟೈಲರ್ ತನ್ನ ಕೈಯನ್ನೇ ನೋಡಿಕೊಂಡ. ಸರಿಯಾಗಿ ಹೇಳಿದ್ದಕ್ಕೆ ಮೊಟಕಿದ್ದೆನೋ ಏನೋ, ಯಾವನಿಗೆ ಗೊತ್ತು!

ಆಗ ಅವನಿಗೊಂದು ಉಪಾಯ ಹೊಳೆಯಿತು. "ಹಿಂಗೆ ಮಾಡು. ಮನಸ್ಸಲ್ಲಿ ಹಳೇದೇ ಹೇಳ್ಕೋ. ಬಾಯಿ ಬಿಡೋಕೆ ಮುಂಚೆ ಎರಡು ಕಳೆದುಬಿಡು. ಏಳೆಂಟ್ಲ?"

ಪುಟ್ಟಿ ಕಣ್ಣು ಮುಚ್ಚಿ ಯೋಚಿಸಿ, "ಐವತ್ತಾರು" ಎಂದಳು.

ಟೈಲರ್ ಅವಳನ್ನು ಎತ್ತಿಕೊಂಡು ಕುಣಿದ. "ಭೇಷ್! ಈಗ ನೋಡು, ಮಿಸ್ ಮೊದಲು ಸುಲಭದ ಪ್ರಶ್ನೆ ಕೇಳ್ತಾರೆ. ನಿನ್ನ ವಯಸ್ಸೆಷ್ಟು ಪುಟ್ಟಿ?"

"ಆರು."

"ಎಂಟಲ್ವೇನೇ!"

"ಎಂಟೇ. ಎರಡು ಕಳೆದೆ."

"ಅಯ್ಯೋ ರಾಮ, ಎಲ್ಲದಕ್ಕೂ ಕಳೀಬೇಡ್ವೇ! ನಿನಗೆ ಕಣ್ಣೆಷ್ಟು?"

"ಸೊನ್ನೆ" ಎಂದಳು ಪುಟ್ಟಿ ಎರಡೂ ಕಣ್ಣು ಪಿಳಿಪಿಳಿ ಬಿಡುತ್ತ.

ಟೈಲರ್‌ಗೆ ಅಳು ಬಂದುಬಿಟ್ಟಿತು. ಗಡಿಯಾರ ಒಂದೂವರೆ ತೋರಿಸುತ್ತಿತ್ತು. ಮೂಲೆಯಲ್ಲಿ ಮೂವತ್ತೆರಡು ಕೋಟಿನ ಬಿಳಿ ಬಟ್ಟೆ ಥಾನುಗಟ್ಟಲೆ ಬಿದ್ದಿತ್ತು. ಮೇಟ್ರನ್ನಿನ ಮುಂದೆ ತಲೆ ತಗ್ಗಿಸಿ ನಿಂತ ಹೆಂಡತಿ ಅವನ ಕಣ್ಣ ಮುಂದೆ ಬಂದಳು. ಅವನು ಆ ಕಂದು ಪೇಪರನ್ನು ಮೇಜಿನ ಮೇಲೆ ಹರಡಿದ. ಏನು ಮಾಡುತ್ತಿದ್ದೇನೆಂದು ತನಗೇ ಗೊತ್ತಿಲ್ಲದೆ ಕತ್ತರಿ ಕೈಗೆತ್ತಿಕೊಂಡ.

"ಬಾಮ್ಮ ಇಲ್ಲಿ" ಎಂದ ಮೆಲ್ಲಗೆ. "ನಾನು ಬಟ್ಟೆ ಹೆಂಗೆ ಕತ್ತರಿಸ್ತೀನಿ ನೋಡಿದ್ದೀಯಲ್ಲ?"

"ದೊಡ್ಡದಾಗಿ. ಎರಡು ಇಂಚು ಬಿಟ್ಟು."

"ಆ ಎರಡು ಇಂಚು ಆಮೇಲೆ ಎಲ್ಲಿ ಹೋಗುತ್ತೆ?"

"ಹೊಲಿಗೆ ಒಳಗೆ. ಕಾಣಲ್ಲ."

"ನೋಡು, ಇದು ಕತ್ತರಿಸೋ ಅಳತೆ" ಎಂದು ಅವನು ಐವತ್ತೆಂಟನ್ನು ಮುಟ್ಟಿ ತೋರಿಸಿದ. ಏಳೇಳು ಚೌಕದ ಎಂಟು ಸಾಲು ಬರೆದು, ಪಕ್ಕಕ್ಕೆ ಎರಡು ಚೌಕ ಅಂಟಿಸಿ ಬರೆದ. ಆ ಎರಡನ್ನು ಒಳಗೆ ಮಡಚಿ, ಸೂಜಿ ತಗೊಂಡು ಹೊಲಿಗೆ ಹಾಕಿಬಿಟ್ಟ. "ಈಗ ಹೊಲಿದಾಯ್ತು. ಹೊಲಿದಾದ ಮೇಲೆ ಎಷ್ಟು ಉಳೀತು ಎಣಿಸು."

ಪುಟ್ಟಿ ಬೆರಳಿಟ್ಟು ಒಂದೊಂದೇ ಚೌಕ ಎಣಿಸಿದಳು. ಒಮ್ಮೆ ಎಣಿಸಿದಳು, ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಎಣಿಸಿದಳು. ಮುಖ ನಿಧಾನವಾಗಿ ಅರಳಿತು. "ಅಪ್ಪಾ! ಏಳು ಅಂದ್ರೆ ಒಂದು ಸಾಲು! ಎಂಟು ಅಂದ್ರೆ ಅಂಥ ಎಂಟು ಸಾಲು! ಮಗ್ಗಿ ಅಂದ್ರೆ ಇಷ್ಟೇನಾ?"

"ಇಷ್ಟೇ ಕಣಮ್ಮ."

"ಮತ್ತೆ ಏಳೊಂದ್ಲ ಅಂದ್ರೆ ಒಂದೇ ಸಾಲು. ಏಳೇ! ಒಂಬತ್ತು ಹೆಂಗಾಗುತ್ತೆ? ಥೂ, ನಾವು ಎಷ್ಟು ಪೆದ್ದರು!"

ಎರಡು ಗಂಟೆಯ ಹೊತ್ತಿಗೆ ಪುಟ್ಟಿ ಏಳರ ಮಗ್ಗಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ಮಧ್ಯದಿಂದ ಎಲ್ಲಿ ಕೇಳಿದರೂ ಹೇಳುತ್ತಿದ್ದಳು. ಹೊರಗೆ ಐವತ್ತೆಂಟರ ಮೇಳ ಮುಗಿಲು ಮುಟ್ಟಿದ್ದರೂ ಅವಳು ಜಗ್ಗಲಿಲ್ಲ. ಟೈಲರ್ ಅವಳ ನೆತ್ತಿಗೆ ಮುತ್ತಿಟ್ಟ. ಎರಡು ತಿಂಗಳಲ್ಲಿ ಮೊದಲ ಬಾರಿ ಅವನಿಗೆ ತಾನು ಮೇಷ್ಟ್ರು ಅನ್ನಿಸಿತು.

ಹಾಜರಿಯಲ್ಲಿ ಪುಟ್ಟಿಯದು ಕೊನೆಯ ಹೆಸರು. ಫೋನನ್ನು ಮೇಜಿನ ನಡುವೆ ಇಟ್ಟುಕೊಂಡು ಅಪ್ಪ ಮಗಳು ಕಾದರು. ಮೂರು ಗಂಟೆಗೆ ಎದುರುಮನೆಯಲ್ಲಿ ಫೋನ್ ಹೊಡೆದುಕೊಂಡಿತು. ಅವಳಿಗಳ ಗಂಟಲು ಗೋಡೆ ದಾಟಿ ಬಂತು: "ಏಳೆಂಟ್ಲ ಐವತ್ತೆಂಟು!" ಟೈಲರ್ ಕಣ್ಣು ಮುಚ್ಚಿಕೊಂಡು, ಪಾಪ, ಮಕ್ಕಳದೇನು ತಪ್ಪು ಎಂದುಕೊಂಡ.

"ಪಾಸ್!" ಎಂದು ಡ್ರೈವಿಂಗ್ ಮೇಷ್ಟ್ರು ಕಿರುಚಿದ್ದು ಕೇಳಿತು. "ಇಬ್ಬರೂ ಪಾಸ್ ಕಣ್ರೀ!"

ಟೈಲರ್ ಕಣ್ಣು ಬಿಟ್ಟ. ಮೇಲಿನ ಮನೆಯಲ್ಲಿ ಪಾಸ್. ಕೆಳಗಿನ ಮನೆಯಲ್ಲಿ ಪಾಸ್. ಔಷಧಿಯಾಕೆ ಅಂಗಡಿಯ ಬೀಗದ ಕೈ ಗಿಲಗಿಲ ಆಡಿಸುತ್ತ ಹೊರಟೇ ಹೋದಳು. ಮಕ್ಕಳು ಮೆಟ್ಟಿಲ ಮೇಲೆ ಧಡಧಡ ಓಡಾಡತೊಡಗಿದವು. ಮಿಸ್ ಅವರಿಗೆ ಬೇರೇನೋ ಕೇಳಿರಬೇಕು, ಇಲ್ಲವೇ ದೊಡ್ಡ ಮನಸ್ಸು ಮಾಡಿರಬೇಕು ಎಂದು ಟೈಲರ್ ಸಮಾಧಾನ ಮಾಡಿಕೊಂಡ. ಎಲ್ಲರೂ ಪಾಸಾಗಲಿ, ಅವನಿಗೇನು ಹೊಟ್ಟೆಯುರಿಯೇ?

ಐದಕ್ಕೆ ಹತ್ತು ನಿಮಿಷವಿರುವಾಗ ಅವನ ಫೋನ್ ಹೊಡೆದುಕೊಂಡಿತು. ಮಿಸ್ ಗಂಟಲು ಒಡೆದು ಬೋರ್ಡಿನ ಮೇಲೆ ಒಣ ಸೀಮೆಸುಣ್ಣ ಎಳೆದ ಹಾಗಿತ್ತು.

"ಪುಟ್ಟಿ, ಏಳೆಂಟ್ಲ ಎಷ್ಟಮ್ಮ?"

"ಐವತ್ತಾರು ಮಿಸ್!"

ಆ ಕಡೆ ಪೆನ್ನು ಕೆಳಗಿಟ್ಟ ಸದ್ದಾಯಿತು.

"ಅವಸರ ಮಾಡ್ಬೇಡ. ಇನ್ನೊಂದ್ಸಲ ಯೋಚ್ನೆ ಮಾಡಿ ಹೇಳು."

"ಐವತ್ತಾರೇ ಮಿಸ್. ಹೊಲಿದಾದ ಮೇಲೆ."

"ಫೋನು ಅಪ್ಪನಿಗೆ ಕೊಡು" ಎಂದರು ಮಿಸ್. ಟೈಲರ್ ಹಿಗ್ಗಿನಿಂದ ಫೋನ್ ಹಿಡಿದ. "ಏನ್ರೀ ಇದು? ಇಡೀ ಕ್ಲಾಸಲ್ಲಿ ನಿಮ್ಮ ಮಗಳೊಬ್ಬಳೇ ತಪ್ಪು ಹೇಳಿದ್ದು!"

"ಮಿಸ್, ತಪ್ಪಲ್ಲ! ಅದೇ ಸರಿ!"

"ನಾನೂ ಮೊದಲು ಹಾಗೇ ಅಂದ್ಕೊಂಡೆ" ಎಂದು ಮಿಸ್ ದನಿ ತಗ್ಗಿಸಿದರು. "ಮೊದಲ ಮೂವರಿಗೆ ತಪ್ಪು ಹಾಕಿದೆ. ನಾಲ್ಕನೇ ಮಗು ಅದನ್ನೇ ಹೇಳ್ತು, ಎದ್ದು ಹೋಗಿ ನೀರು ಕುಡಿದು ಬಂದೆ. ಐದನೇದೂ ಅದೇ ಹೇಳ್ತು. ಒಂದಕ್ಷರ ತಡವರಿಸದೆ, ಒಂದೇ ರಾಗದಲ್ಲಿ. ಎರಡು ತಿಂಗಳಿಂದ ನಾನೂ ಮನೇಲೇ ಇದ್ದೀನಲ್ರೀ, ನನಗೇ ಮರೆತುಹೋಯ್ತೇನೋ ಅಂತ ಭಯ ಆಯ್ತು. ಹೆಡ್‌ಮಾಸ್ಟರಿಗೆ ಫೋನ್ ಮಾಡಿದೆ."

"ಅವರೇನಂದ್ರು?"

"ಶಾಲೆ ಆಫೀಸಿಗೆ ಬೀಗ ಹಾಕಿದೆ, ಒಳಗೆ ಎರಡು ತಿಂಗಳ ಟಪಾಲು ರಾಶಿ ಬಿದ್ದಿದೆ. ಅದರಲ್ಲಿ ಮಗ್ಗಿ ಬದಲಾಗಿದೆ ಅಂತ ಸುತ್ತೋಲೆ ಬಂದಿರ್ಬಹುದು. ತಂದೆತಾಯಿಗಳಿಗೆ ಗೊತ್ತಾಗಿದ್ದು ನಮಗೆ ಗೊತ್ತಾಗಿಲ್ಲ ಅಂತ ಮೇಲಿನವರಿಗೆ ತಿಳಿದ್ರೆ ಮಾನ ಹರಾಜಾಗುತ್ತೆ, ಬಾಯ್ಮುಚ್ಕೊಂಡು ಪಾಸ್ ಮಾಡಿ ಅಂದ್ರು. ಮೊದಲ ಮೂವರಿಗೆ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದ್ದೀನಿ."

ಟೈಲರ್ ಬೆವರೊರೆಸಿಕೊಂಡ. "ಮಿಸ್, ಸುತ್ತೋಲೆಯೂ ಇಲ್ಲ, ಮಣ್ಣೂ ಇಲ್ಲ. ಐವತ್ತೆಂಟು ಅಂತ ಆ ಮಕ್ಕಳಿಗೆ ಹೇಳಿಕೊಟ್ಟಿದ್ದೇ ನಾನು!"

"ಗೊತ್ತು. ಯಾರು ಹೇಳ್ಕೊಟ್ಟಿದ್ದು ಅಂತ ಕೇಳಿದ್ರೆ ಎಲ್ಲ ಮಕ್ಕಳೂ ಪುಟ್ಟಿ ಅಪ್ಪ ಅಂತ ನಿಮ್ಮನ್ನೇ ಹೇಳಿದ್ವು. ಊರ ಮಕ್ಕಳಿಗೆಲ್ಲ ಅಷ್ಟು ಚೆನ್ನಾಗಿ ಕಲಿಸಿ, ಹೆತ್ತ ಮಗಳಿಗೆ ಮಾತ್ರ ಅಡ್ಡದಾರಿ ಹಿಡಿಸಿದ್ದೀರಲ್ಲ, ಎಂಥ ತಂದೆ ರೀ ನೀವು? ಹದಿನೈದು ದಿನ ಕೂತು ಸರಿಯಾದ ಮಗ್ಗಿ ಹೇಳ್ಕೊಡಿ. ನಾಳೆ ಒಂಬತ್ತಕ್ಕೆ ಫೋನ್ ಮಾಡ್ತೀನಿ." ಫೋನ್ ಕಟ್ ಆಯಿತು.

ಆರು ಗಂಟೆಗೆ ಹೆಂಡತಿ ಬಂದಳು. ಮೆಟ್ಟಿಲ ಮೇಲೆ ಕುಣಿಯುತ್ತಿದ್ದ ಮಕ್ಕಳನ್ನು ಕಂಡು ಅವಳ ಮುಖ ಗೆಲುವಾಗಿತ್ತು. ಟೈಲರ್ ಅವಳಿಗೆ ನಡೆದದ್ದನ್ನೆಲ್ಲ ಹೇಳಿದ. ಇವಳಾದರೂ ಮಿಸ್‌ಗೆ ಫೋನ್ ಮಾಡಿ ನಾಲ್ಕು ಮಾತಾಡುತ್ತಾಳೆ ಎಂಬ ಆಸೆ ಅವನಿಗಿತ್ತು. ಅವಳು ಕೇಳಿದಳು, ಮೂಲೆಯಲ್ಲಿದ್ದ ಬಟ್ಟೆಯ ರಾಶಿಯನ್ನು ನೋಡಿದಳು, ಧೊಪ್ಪನೆ ಕುರ್ಚಿಯಲ್ಲಿ ಕೂತಳು.

"ಐವತ್ತೆಂಟು ಅಂದುಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು.

ಟೈಲರ್ ಎದ್ದು ಹೋಗಿ ಹೊಸ ಕಂದು ಪೇಪರು ತಂದ. ನಾಳೆ ಒಂಬತ್ತಕ್ಕೇ ಮಗಳು ಐವತ್ತೆಂಟು ಅಂದುಬಿಟ್ಟರೆ ಮಿಸ್ ಕರಗಬಹುದು, ರಜ ಸಿಗಬಹುದು, ಹದಿನಾಲ್ಕು ದಿನವಾದರೂ ಉಳಿಯುತ್ತದೆ. ನೀಲಿ ಸೀಮೆಸುಣ್ಣದಲ್ಲಿ ಏಳೊಂದ್ಲ ಒಂಬತ್ತು ಎಂದು ದಪ್ಪಗೆ ಬರೆದು ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡ.

"ಪುಟ್ಟಿ, ಹಳೇದೇ ಹೇಳಮ್ಮ. ಏಳೊಂದ್ಲ ಒಂಬತ್ತು."

"ತಪ್ಪಲ್ವಾ ಅಪ್ಪ?"

"ತಪ್ಪೇ ಕಣೇ. ಒಂದು ದಿನದ ಮಟ್ಟಿಗೆ ಹೇಳು. ಹದಿನೈದು ದಿನ ಹೇಳಿದ್ದೀಯಲ್ಲ, ಏನು ಕಷ್ಟ?"

ಪುಟ್ಟಿ ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದು ಕಣ್ಣು ಬಿಗಿಯಾಗಿ ಮುಚ್ಚಿ, ಮುಷ್ಟಿ ಹಿಡಿದು, ಮುಖ ಕೆಂಪಗಾಗುವ ತನಕ ತಿಣುಕಿ, "ಏಳೊಂದ್ಲ... ಏಳು!" ಎಂದಳು. ಆಮೇಲೆ ಅಪ್ಪನ ಮುಖ ನೋಡಿ ಅವಳಿಗೂ ಅಳು ಬಂತು.

"ಬರ್ತಾ ಇಲ್ಲಪ್ಪ. ಬರೀ ಬಾಯಿಪಾಠ ಆಗಿದ್ರೆ ಮರೀಬಹುದಿತ್ತು. ಈಗ ನೀವು ಅರ್ಥ ಮಾಡ್ಸಿಬಿಟ್ಟಿದ್ದೀರ. ಅರ್ಥ ಆಗಿದ್ದನ್ನ ಹೆಂಗಪ್ಪ ಮರೆಯೋದು?"